ಡಬ್ಬ ದೊಡ್ಡದು, ವೈರು ಸಣ್ಣದು

ಬೆಂಗಳೂರಿನ ಜೆ.ಸಿ. ರಸ್ತೆಯಲ್ಲಿ ನಿಂತು ಕಾರಿಗೊಂದು ಸಬ್‌ವೂಫರ್ ಬೇಕು ಅನ್ನಿ. ಮೊದಲ ಮಾತೇ ವ್ಯಾಟ್, ಎರಡನೆಯದು ಇಂಚು. ವೈರಿನ ಮಾತು ಬರೋದು ಬಿಲ್ ಕಡಿಮೆ ಮಾಡುವಾಗ ಮಾತ್ರ. ಅಂಗಡಿಯವರನ್ನಷ್ಟೇ ಬೈದರೆ ಅನ್ಯಾಯ ಆಗುತ್ತೆ. ಡಬ್ಬಕ್ಕೆ ಹತ್ತು ಸಾವಿರ ಕೊಡೋ ಗಿರಾಕಿ ವೈರಿಗೆ ಎರಡು ಸಾವಿರ ಅಂದ್ರೆ ಮುಖ ತಿರುಗಿಸ್ತಾನೆ.

ಸ್ವಲ್ಪ ಲೆಕ್ಕ ಹಾಕಿ ಸ್ವಾಮಿ. ಮನೆಯ 2000 ವ್ಯಾಟ್ ಗೀಸರ್ 230 ವೋಲ್ಟಿನಲ್ಲಿ ಎಳೆಯುವುದು 9 ಆಂಪಿಯರ್‌ಗೂ ಕಡಿಮೆ. ನಿಜವಾಗಿ 500 ವ್ಯಾಟ್ ಕೊಡುವ ಕಾರಿನ ಆಂಪ್ಲಿಫೈಯರ್ ಪೂರ್ತಿ ದುಡಿಯುವಾಗ 12 ವೋಲ್ಟ್ ಬ್ಯಾಟರಿಯಿಂದ ಎಳೆಯುವುದು ಸುಮಾರು 50. ಗೀಸರಿಗೆ ದಪ್ಪ ವೈರ್ ಹಾಕಿಸಿ ಅಂತ ಎಲೆಕ್ಟ್ರಿಷಿಯನ್ ಬೆನ್ನು ಹತ್ತುವವರೇ ಇಲ್ಲಿ ತಾಮ್ರದ ಬಣ್ಣ ಬಳಿದ ಅಲ್ಯೂಮಿನಿಯಂ ವೈರಿಗೆ ಸರಿ ಸರಿ ಅಂತಾರೆ. ಅಲ್ಯೂಮಿನಿಯಂನ ರೋಧ ತಾಮ್ರದ ಸುಮಾರು 1.6 ಪಟ್ಟು. ಅದು ಬಿಸಿಯಾಗದೆ ಇನ್ನೇನು?

ಇನ್ನು ಫ್ಯೂಸ್. ‘ಆಂಪ್ಲಿಫೈಯರ್ ಒಳಗೇ ಇದೆಯಲ್ಲ ಸಾರ್’ ಅನ್ನೋ ಉತ್ತರ ಕೇಳಿದರೆ ಮೈ ಉರಿಯುತ್ತೆ. ಆಂಪ್ಲಿಫೈಯರ್ ಇರೋದು ಡಿಕ್ಕಿಯಲ್ಲಿ, ಬ್ಯಾಟರಿ ಇರೋದು ಬಾನೆಟ್ ಕೆಳಗೆ. ನಡುವಿನ ನಾಲ್ಕೈದು ಮೀಟರ್ ವೈರನ್ನು ಕಾಯೋರು ಯಾರು? ಎಂಜಿನ್ ಕಡೆಯಿಂದ ಒಳಗೆ ಬರುವ ತಗಡಿನ ತೂತಿಗೆ ರಬ್ಬರ್ ಹಾಕಿರಲ್ಲ. ಅದುರಿ ಅದುರಿ ವೈರಿನ ಸಿಪ್ಪೆ ಸವೆಯುತ್ತೆ, ತಾಮ್ರ ಬಾಡಿಗೆ ತಾಗುತ್ತೆ. ಆ ಕ್ಷಣಕ್ಕೆ ಬ್ಯಾಟರಿ ನೂರಾರು ಆಂಪಿಯರ್ ಸುರಿಯುತ್ತೆ. ಡಿಕ್ಕಿಯ ಫ್ಯೂಸಿಗೆ ಅದರ ಸುದ್ದಿಯೂ ತಲುಪಲ್ಲ. ಸೀಟಿನ ಕೆಳಗಿನ ಕಾರ್ಪೆಟ್ಟಿಗೆ ತಲುಪುತ್ತೆ. ಆದ್ದರಿಂದ ಬ್ಯಾಟರಿಯಿಂದ ಒಂದೂವರೆ ಅಡಿಯೊಳಗೇ, ಆ ವೈರು ತಾಳುವಷ್ಟೇ ಅಳತೆಯ ಫ್ಯೂಸ್ ಬೇಕು. ಇದರಲ್ಲಿ ಚೌಕಾಸಿ ಬೇಡ. ಅರ್ತ್ ವೈರೂ ಅಷ್ಟೇ ದಪ್ಪ ಇರಲಿ, ಬಣ್ಣ ಕೆರೆದ ತಗಡಿಗೆ ಬೋಲ್ಟ್ ಹಾಕಿ ಬಿಗಿಯಲಿ.

ಇಷ್ಟೆಲ್ಲ ಆದಮೇಲೂ ‘ಬೇಸ್ ಸಾಲ್ತಿಲ್ಲ’ ಅಂತ ಎರಡನೇ ಡಬ್ಬಕ್ಕೆ ಹೊರಡುವವರಿದ್ದಾರೆ. ಗೇನ್ ತಿರುಪನ್ನು ವಾಲ್ಯೂಮ್ ಅಂದುಕೊಂಡು ಕೊನೆವರೆಗೂ ತಿರುಗಿಸಿರ್ತಾರೆ. ಅಲ್ಲಿ ಹುಟ್ಟೋದು ಬೇಸ್ ಅಲ್ಲ, ಒಡಕು ದನಿ. ಎಷ್ಟೋ ಸಲ ಪ್ಲಸ್ಸು ಮೈನಸ್ಸು ಅದಲುಬದಲಾಗಿರುತ್ತೆ, ಅಷ್ಟೇ. ಮುಂದಿನ ಸ್ಪೀಕರ್ ಗಾಳಿಯನ್ನು ತಳ್ಳುವಾಗ ಹಿಂದಿನದು ಎಳೆಯುತ್ತೆ. ಎರಡೂ ಕೂಡುವ 80 ಹರ್ಟ್ಸ್ ಆಸುಪಾಸಿನಲ್ಲಿ ಒಂದನ್ನೊಂದು ಅಳಿಸಿ ಹಾಕುತ್ತೆ. ಡ್ರೈವರ್ ಸೀಟಿನಲ್ಲಿ ಕೂತು, ಒಂದೇ ಹಾಡು ಹಾಕಿ, ಇನ್ನೊಬ್ಬರ ಕೈಲಿ ಆಂಪ್ಲಿಫೈಯರಿನ ಫೇಸ್ ಸ್ವಿಚ್ಚನ್ನು 0ಯಿಂದ 180ಕ್ಕೆ ಹಾಕಿಸಿ ನೋಡಿ. ಎಲ್ಲಿ ಬೇಸ್ ತುಂಬಿ ಬರುತ್ತೋ ಅಲ್ಲೇ ಬಿಡಿ. ಸ್ವಿಚ್ ಇಲ್ಲವಾ? ಪವರ್ ಆಫ್ ಮಾಡಿ ಸಬ್‌ವೂಫರಿನ ಎರಡು ವೈರ್ ಅದಲುಬದಲು ಮಾಡಿ. ಖರ್ಚು ಸೊನ್ನೆ. ಯಾವ ಅಂಗಡಿಯ ಬೋರ್ಡಿನಲ್ಲೂ ಇದನ್ನು ಬರೆದಿರಲ್ಲ.