ಸೋಲಾರ್ ಹಾಕಿಸುವ ಮುನ್ನ ನಿಮ್ಮ ಕರೆಂಟ್ ಬಿಲ್ ಓದಿ

ಹಳ್ಳಿಗಳಲ್ಲಿ ಈಗ ಸೋಲಾರ್ ಏಜೆಂಟರ ಓಡಾಟ ಜೋರು. "ಮಾಳಿಗೆ ಮೇಲೆ ಮೂರು ಕಿಲೋವ್ಯಾಟ್ ಹಾಕಿಸಿ, ಸರ್ಕಾರ 78 ಸಾವಿರ ಕೊಡುತ್ತೆ, ಉಳಿದದ್ದಕ್ಕೆ ಬ್ಯಾಂಕ್ ಸಾಲ ಇದೆ, ಕರೆಂಟ್ ಮಾರಿ ಸಾಲ ತೀರಿಸಿ" ಅನ್ನುತ್ತಾರೆ. 78 ಸಾವಿರದ ಮಾತು ನಿಜ. ಕೇಂದ್ರ ಸರ್ಕಾರ 2024ರ ಫೆಬ್ರುವರಿಯಲ್ಲಿ ಆರಂಭಿಸಿದ ಪಿಎಂ ಸೂರ್ಯ ಘರ್ ಯೋಜನೆಯಲ್ಲಿ ಒಂದು ಕಿಲೋವ್ಯಾಟ್‌ಗೆ 30 ಸಾವಿರ, ಎರಡಕ್ಕೆ 60 ಸಾವಿರ, ಮೂರು ಮತ್ತು ಅದಕ್ಕಿಂತ ಹೆಚ್ಚಿನದಕ್ಕೆ 78 ಸಾವಿರ ರೂಪಾಯಿ ಸಬ್ಸಿಡಿ ಇದೆ. ಆದರೆ "ಮಾರಿ ಸಾಲ ತೀರಿಸಿ" ಅನ್ನುವ ಮಾತು ಎಲ್ಲ ಮನೆಗೂ ಹೊಂದುವುದಿಲ್ಲ. ಯಾರಿಗೆ ಹೊಂದುತ್ತದೆ ಅನ್ನುವುದನ್ನು ಏಜೆಂಟ್ ಹೇಳುವುದಿಲ್ಲ, ನಿಮ್ಮ ಮನೆಯ ಬಿಲ್ ಹೇಳುತ್ತದೆ.

ಎರಡು ಮನೆಗಳ ಲೆಕ್ಕ ಹಾಕೋಣ. ನಮ್ಮ ಬಿಸಿಲಿಗೆ ಒಂದು ಕಿಲೋವ್ಯಾಟ್ ಪ್ಯಾನಲ್ ದಿನಕ್ಕೆ ಸರಾಸರಿ 4 ಯೂನಿಟ್, ಅಂದರೆ ತಿಂಗಳಿಗೆ 120 ಯೂನಿಟ್ ಕೊಡುತ್ತದೆ ಎಂದಿಟ್ಟುಕೊಳ್ಳಿ. ಏಜೆಂಟ್ ಕಿಲೋವ್ಯಾಟ್‌ಗೆ 60 ಸಾವಿರ ಹೇಳಿದ್ದಾನೆ ಎಂದುಕೊಳ್ಳಿ.

ಮೊದಲನೆಯ ಮನೆಯಲ್ಲಿ ತಿಂಗಳಿಗೆ ಖರ್ಚಾಗುವುದು 90 ಯೂನಿಟ್. ನಾಲ್ಕು ಬಲ್ಬು, ಎರಡು ಫ್ಯಾನು, ಟಿವಿ, ಮಿಕ್ಸಿ. 2023ರಿಂದ ಗೃಹಜ್ಯೋತಿ ಇರುವುದರಿಂದ ಈ ಮನೆಗೆ ಬಿಲ್ ಸೊನ್ನೆ. ಇವರು ಮೂರು ಕಿಲೋವ್ಯಾಟ್ ಹಾಕಿಸಿದರೆ 1 ಲಕ್ಷ 80 ಸಾವಿರದಲ್ಲಿ ಸಬ್ಸಿಡಿ ಕಳೆದು 1 ಲಕ್ಷ 2 ಸಾವಿರ ಕೈಯಿಂದ ಹೋಗುತ್ತದೆ. ಬರುವ 360 ಯೂನಿಟ್‌ನಲ್ಲಿ ಮನೆ ಖರ್ಚು ಕಳೆದರೆ ಮಾರಲು ಉಳಿಯುವುದು 270. ಸಬ್ಸಿಡಿ ಪಡೆದವರ ಕರೆಂಟ್‌ಗೆ ಕಂಪನಿ ಕೊಡುವ ದರ ಯೂನಿಟ್‌ಗೆ 3 ರೂಪಾಯಿಯನ್ನೂ ಮುಟ್ಟುವುದಿಲ್ಲ. ಲೆಕ್ಕಕ್ಕೆ ಎರಡೂವರೆ ರೂಪಾಯಿ ಹಿಡಿದರೆ ತಿಂಗಳಿಗೆ 675, ವರ್ಷಕ್ಕೆ 8,100 ರೂಪಾಯಿ. ಹಾಕಿದ ದುಡ್ಡು ಹಿಂದಿರುಗಲು ಹನ್ನೆರಡೂವರೆ ವರ್ಷ ಬೇಕು. ಬ್ಯಾಂಕಿನ ಬಡ್ಡಿ ಇದರಲ್ಲಿ ಸೇರಿಲ್ಲ. ಇನ್ನು ಮನೆಗೆ ಬಳಸಿದ 90 ಯೂನಿಟ್‌ನಿಂದ ಉಳಿತಾಯವೇ ಇಲ್ಲ, ಏಕೆಂದರೆ ಅದು ಮೊದಲೇ ಪುಕ್ಕಟೆ ಬರುತ್ತಿತ್ತು.

ಎರಡನೆಯ ಮನೆಯಲ್ಲಿ 250 ಯೂನಿಟ್ ಖರ್ಚು. ಫ್ರಿಜ್, ಗೀಸರ್, ಬೋರ್‌ವೆಲ್ ನೀರು ಟ್ಯಾಂಕಿಗೆ ಏರಿಸುವ ಮೋಟಾರ್ ಇವೆ. 200 ದಾಟಿದ್ದರಿಂದ ಗೃಹಜ್ಯೋತಿ ಸಿಗದು, ಇಡೀ ಬಿಲ್ ಕಟ್ಟಬೇಕು. 2025-26ರ ದರದಲ್ಲಿ ಯೂನಿಟ್‌ಗೆ 5 ರೂಪಾಯಿ 80 ಪೈಸೆ, ತೆರಿಗೆ ಮತ್ತು ಇತರ ಶುಲ್ಕ ಬೇರೆ. ಇವರು ಎರಡು ಕಿಲೋವ್ಯಾಟ್ ಹಾಕಿಸಿದರೆ ಸಬ್ಸಿಡಿ ಕಳೆದು 60 ಸಾವಿರ ಖರ್ಚು. ತಿಂಗಳಿಗೆ 240 ಯೂನಿಟ್ ಬಂದರೆ ಸುಮಾರು 1,390 ರೂಪಾಯಿ ಉಳಿಯುತ್ತದೆ. ಮೂರೂವರೆ ವರ್ಷದಲ್ಲಿ ಅಸಲು ಕೈಗೆ ಬರುತ್ತದೆ.

ಒಂದೇ ಬಿಸಿಲು, ಒಂದೇ ಪ್ಯಾನಲ್. ವ್ಯತ್ಯಾಸ ಇರುವುದು ದರದಲ್ಲಿ. ಸೋಲಾರ್‌ನಿಂದ ಲಾಭ ಬರುವುದು ಕೊಳ್ಳುವ ಕರೆಂಟ್ ತಪ್ಪಿದಾಗ. ಮಾರುವುದರಿಂದ ಬರುವುದು ಚಿಲ್ಲರೆ. ಹಾಗಾಗಿ ಪ್ಯಾನಲ್‌ನ ಅಳತೆ ಮಾಳಿಗೆಯ ಅಳತೆಯಂತೆ ಇರಬಾರದು, ಮನೆಯ ಖರ್ಚಿನ ಅಳತೆಯಂತೆ ಇರಬೇಕು. ಇದು ನನ್ನ ಖಚಿತ ಅಭಿಪ್ರಾಯ.

"ಮಾರಿದರೆ ದುಡ್ಡು" ಅನ್ನುವ ಮಾತು ಹುಟ್ಟಿದ್ದಕ್ಕೂ ಕಾರಣ ಇದೆ. 2013ರಲ್ಲಿ ನಮ್ಮ ವಿದ್ಯುತ್ ನಿಯಂತ್ರಣ ಆಯೋಗ ಮಾಳಿಗೆ ಸೋಲಾರ್‌ಗೆ, ಸಬ್ಸಿಡಿ ಇಲ್ಲದವರಿಗೆ, ಯೂನಿಟ್‌ಗೆ 9 ರೂಪಾಯಿ 56 ಪೈಸೆ ನಿಗದಿ ಮಾಡಿತ್ತು. ಆಗ ಪ್ಯಾನಲ್ ದುಬಾರಿ, ದರವೂ ಹೆಚ್ಚು. ಪ್ಯಾನಲ್ ಅಗ್ಗವಾದಂತೆ ದರವೂ ಇಳಿಯಿತು. ಹಳೆಯ ಕಾಲದ ಮಾತು ಮಾತ್ರ ಊರೂರು ಸುತ್ತುತ್ತಿದೆ.

ಇನ್ನು ಮೀಟರ್ ಆಯ್ಕೆ. ನೆಟ್ ಮೀಟರ್ ಅಂದರೆ ಮನೆಯ ಹಸುವಿನ ಹಾಲು ಮೊದಲು ಮನೆಗೆ, ಮಿಕ್ಕದ್ದು ಡೇರಿಗೆ. ಗ್ರಾಸ್ ಮೀಟರ್ ಅಂದರೆ ಹಾಲನ್ನೆಲ್ಲ ಡೇರಿಗೆ ಹಾಕಿ, ಕಾಫಿಗೆ ಅಂಗಡಿಯಿಂದ ಪಾಕೆಟ್ ತಂದಂತೆ. ಪಾಕೆಟ್ ಹಾಲಿನ ರೇಟು ಡೇರಿ ರೇಟಿಗಿಂತ ಹೆಚ್ಚಿರುವಾಗ ಮನೆಗಳಿಗೆ ನೆಟ್ ಮೀಟರೇ ಸರಿ. ಒಪ್ಪಂದ 25 ವರ್ಷದ್ದು. ಇವತ್ತು ಸಹಿ ಹಾಕಿದ ದರ ಮಗಳ ಮದುವೆಯಾಗಿ ಮೊಮ್ಮಕ್ಕಳು ಶಾಲೆಗೆ ಹೋಗುವವರೆಗೂ ಇರುತ್ತದೆ. ಓದದೆ ಸಹಿ ಹಾಕಬೇಡಿ.

ಸೋಲಾರ್ ಬಂದರೂ ಬಿಲ್ ಪೂರ್ತಿ ಸೊನ್ನೆಯಾಗುತ್ತದೆ ಎಂದು ನಂಬಬೇಡಿ. ಮಂಜೂರಾದ ಲೋಡ್‌ನ ಪ್ರತಿ ಕಿಲೋವ್ಯಾಟ್‌ಗೆ ತಿಂಗಳಿಗೆ 145 ರೂಪಾಯಿ ನಿಗದಿತ ಶುಲ್ಕ 2025-26ರ ಪಟ್ಟಿಯಲ್ಲಿದೆ. ಬಿಸಿಲು ಎಷ್ಟಿದ್ದರೂ ಅದು ತಪ್ಪದು.

ಇನ್ನೊಂದು ಮಾತು ಹಳ್ಳಿಯವರು ತಿಳಿಯಲೇಬೇಕು. ಬ್ಯಾಟರಿ ಇಲ್ಲದ ಸೋಲಾರ್, ಲೈನ್‌ನಲ್ಲಿ ಕರೆಂಟ್ ಹೋದ ಕೂಡಲೇ ತಾನೂ ನಿಲ್ಲುತ್ತದೆ. ಕಂಬ ಹತ್ತಿದ ಲೈನ್‌ಮನ್‌ಗೆ ಶಾಕ್ ಹೊಡೆಯಬಾರದೆಂದು ಹಾಗೆ ಮಾಡಿರುತ್ತಾರೆ. ಹಗಲು ಹೊತ್ತು ಕರೆಂಟ್ ಪದೇಪದೇ ಹೋಗುವ ಊರಿನಲ್ಲಿ ಮೇಲಿನ ನನ್ನ ಲೆಕ್ಕವೂ ಅಷ್ಟಕ್ಕಷ್ಟೇ. ತಿಂಗಳಿಗೆ 120 ಯೂನಿಟ್ ಅನ್ನುವುದು ಲೈನ್ ಜೀವಂತ ಇದ್ದರೆ ಮಾತ್ರ.

ಮುಂದೆ ಸಮಯಕ್ಕೆ ತಕ್ಕ ದರವೂ ಬರಲಿದೆ. 2023ರ ಕೇಂದ್ರದ ನಿಯಮದ ಪ್ರಕಾರ ಬಿಸಿಲಿನ ಹೊತ್ತಿನ ಕರೆಂಟ್ ಕನಿಷ್ಠ ಶೇ 20ರಷ್ಟು ಅಗ್ಗವಾಗಬೇಕು, ಬೇಡಿಕೆ ಹೆಚ್ಚಿರುವ ಹೊತ್ತಿನದು ಮನೆಗಳಿಗೂ ಕನಿಷ್ಠ ಶೇ 10ರಷ್ಟು ತುಟ್ಟಿಯಾಗಬೇಕು. ಇಂಥ ದರ ನಿಮ್ಮ ಮೀಟರ್‌ಗೆ ಬಂದ ದಿನ, ಮಧ್ಯಾಹ್ನದ ಯೂನಿಟ್‌ಗೆ ಬೆಲೆ ಇಳಿಯುತ್ತದೆ, ಸಂಜೆಯದಕ್ಕೆ ಏರುತ್ತದೆ. ಆದ್ದರಿಂದ ಟ್ಯಾಂಕಿಗೆ ನೀರು, ಗ್ರೈಂಡರ್, ಬಟ್ಟೆ ಒಗೆಯುವ ಯಂತ್ರ ಎಲ್ಲವನ್ನೂ ಹಗಲಿಗೆ ತರುವ ಅಭ್ಯಾಸ ಈಗಿನಿಂದಲೇ ಒಳ್ಳೆಯದು.

ಹಾಗಾದರೆ ಏನು ಮಾಡಬೇಕು? ಹಿಂದಿನ 12 ತಿಂಗಳ ಬಿಲ್ ಎದುರಿಗಿಟ್ಟುಕೊಂಡು ಸರಾಸರಿ ಯೂನಿಟ್ ತೆಗೆಯಿರಿ. ಆಮೇಲೆ ಸೆಕ್ಷನ್ ಆಫೀಸಿಗೆ ಹೋಗಿ ಮೂರು ಪ್ರಶ್ನೆ ಕೇಳಿ, ಉತ್ತರವನ್ನು ಬರವಣಿಗೆಯಲ್ಲಿ ಪಡೆಯಿರಿ. ಮಿಕ್ಕ ಕರೆಂಟ್‌ಗೆ ನನ್ನ ಒಪ್ಪಂದದಲ್ಲಿ ದರ ಎಷ್ಟು? ಪ್ಯಾನಲ್‌ಗಾಗಿ ಲೋಡ್ ಏರಿಸಬೇಕೇ, ಏರಿಸಿದರೆ ನಿಗದಿತ ಶುಲ್ಕ ಎಷ್ಟಾಗುತ್ತದೆ? ಗೃಹಜ್ಯೋತಿ ಲೆಕ್ಕ ಸೋಲಾರ್ ಬಂದ ಮೇಲೆ ಹೇಗೆ? ಸಬ್ಸಿಡಿ ಹಣ ಪ್ಯಾನಲ್ ಅಳವಡಿಸಿ, ತಪಾಸಣೆ ಮುಗಿದ ಮೇಲೆ ಖಾತೆಗೆ ಬರುವುದರಿಂದ ಅಲ್ಲಿಯವರೆಗಿನ ದುಡ್ಡು ಎಲ್ಲಿಂದ ಅನ್ನುವುದನ್ನೂ ಮೊದಲೇ ಯೋಚಿಸಿ.

ಇದೆಲ್ಲ ಜನರೇ ಹುಡುಕಿಕೊಳ್ಳಲಿ ಅನ್ನುವುದೂ ಸರಿಯಲ್ಲ. ಬೀಜದ ಪ್ಯಾಕೆಟ್ ಮೇಲೆ ಮೊಳಕೆ ಪ್ರಮಾಣ ಬರೆಯಬೇಕು ಎಂಬ ಕಾನೂನು ಇರುವಾಗ, ಲಕ್ಷ ರೂಪಾಯಿಯ ಸೋಲಾರ್ ಮಾರುವವರು ಗ್ರಾಹಕನ ಬಿಲ್ ಆಧರಿಸಿ ಕನ್ನಡದಲ್ಲಿ ಒಂದು ಹಾಳೆಯ ಲೆಕ್ಕ ಕೊಡಲೇಬೇಕು ಎಂದು ಆಯೋಗ ಆದೇಶಿಸಬಾರದೇಕೆ? ಎಸ್ಕಾಂಗಳು ಮಿಕ್ಕ ಕರೆಂಟ್‌ನ ದರವನ್ನು ಪ್ರತಿ ಸೆಕ್ಷನ್ ಆಫೀಸಿನ ಬೋರ್ಡಿನಲ್ಲಿ ಬರೆಸಲಿ. ಮುಂದಿನ ಗ್ರಾಮಸಭೆಯಲ್ಲಿ ಈ ಬೇಡಿಕೆ ಇಡಿ. ಸೋಲಾರ್ ಬೇಡ ಅನ್ನುವುದು ನನ್ನ ವಾದವಲ್ಲ. ಬಿಲ್ ಸೊನ್ನೆ ಇರುವ ಮನೆಯ ಮೇಲೆ ಹೊಸ ಸಾಲ ಹೊರಿಸಬೇಡಿ, ಬಿಲ್ ಭಾರ ಇರುವ ಮನೆ ಹಿಂಜರಿಯಬೇಡಿ, ಇಷ್ಟೇ.