ಹಡಗಿನಿಂದ ಬಂದ ನಂಬರ್ ಒನ್: ಎಣಿಸಿದವರು ಯಾರು?



ಬಿನಾಕಾ ಗೀತ್‌ಮಾಲಾ ಕೇಳಿ ಬೆಳೆದ ಹಿರಿಯರು ನಮ್ಮ ಓದುಗರಲ್ಲಿ ಬಹಳ ಮಂದಿ ಇದ್ದಾರೆ. ಆಕಾಶವಾಣಿ ಸಿನಿಮಾ ಹಾಡನ್ನ ದೂರ ಇಟ್ಟ ಕಾಲದಲ್ಲಿ ಅವೇ ಹಾಡುಗಳು ರೇಡಿಯೋ ಸಿಲೋನಿನಿಂದ ಕಡಲು ದಾಟಿ ಬಂದ ಕಥೆ ಅವರಿಗೆ ಬಾಯಿಪಾಠ. ರೇಡಿಯೋ ಅಲೆಗೆ ಗಡಿ ಕಲ್ಲು ಕಾಣೋದಿಲ್ಲ ಅಂತ ನಮ್ಮ ಕಡೆಯವರಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಹೆಚ್ಚುಕಮ್ಮಿ ಇಂಥದ್ದೇ ಒಂದು ಕಥೆ 1964ರಿಂದ 1967ರ ತನಕ ಇಂಗ್ಲೆಂಡಿನ ಕರಾವಳಿಯಲ್ಲೂ ನಡೀತು. ಆ ಕಥೆಯ ಸಾಹಸದ ಭಾಗವನ್ನ ಬಹಳ ಜನ ಬರೆದಿದ್ದಾರೆ, ಸಿನಿಮಾನೂ ಬಂದಿದೆ. ನಾವು ಇವತ್ತು ಹಿಡಿಯೋದು ಅದರ ಒಂದೇ ಎಳೆಯನ್ನ. ಆ ಹಡಗುಗಳು ಪ್ರತಿ ವಾರ ಓದ್ತಿದ್ದ ಹಾಡುಗಳ ಪಟ್ಟಿ, ಅಂದರೆ ಚಾರ್ಟ್. ಅದು ಜನರ ಲೆಕ್ಕವೋ, ಹಡಗಿನವರ ಲೆಕ್ಕವೋ?

ಮೊದಲು ಹಿನ್ನೆಲೆ. ಆಗ ಬ್ರಿಟನ್ನಿನ ನೆಲದ ಮೇಲೆ ರೇಡಿಯೋ ಅಂದ್ರೆ ಬಿಬಿಸಿ ಒಂದೇ. ಆ ಬಿಬಿಸಿಗೂ ರೆಕಾರ್ಡ್ ಹಾಕೋಕೆ ಸ್ವಾತಂತ್ರ್ಯ ಇರಲಿಲ್ಲ. ರೆಕಾರ್ಡ್ ಕಂಪನಿಗಳ ಸಂಘ ಮತ್ತು ವಾದ್ಯಗಾರರ ಯೂನಿಯನ್ ಜೊತೆ ಆಗಿದ್ದ ಒಪ್ಪಂದದ ಪ್ರಕಾರ ದಿನಕ್ಕೆ ಸುಮಾರು 5 ಗಂಟೆ ಮಾತ್ರ ರೆಕಾರ್ಡ್ ಹಾಕಬಹುದಿತ್ತು. ಇದಕ್ಕೆ 'ನೀಡಲ್ ಟೈಮ್' ಅಂತ ಹೆಸರು, ರೆಕಾರ್ಡಿನ ಮೇಲೆ ಸೂಜಿ ಓಡೋ ಸಮಯ ಅನ್ನೋ ಅರ್ಥದಲ್ಲಿ. ರೆಕಾರ್ಡೇ ಓಡ್ತಾ ಇದ್ರೆ ವಾದ್ಯ ನುಡಿಸೋರ ಹೊಟ್ಟೆಪಾಡೇನು ಅನ್ನೋ ಭಯ ಯೂನಿಯನ್ನಿನದು. ಭಯ ಸುಳ್ಳಲ್ಲ, ನಾವು ಅದನ್ನ ಹಗುರ ಮಾಡೋದಿಲ್ಲ. ಆದರೆ ಪರಿಣಾಮ ಏನಾಯ್ತು? ಬೀಟಲ್ಸ್ ಹುಚ್ಚು ದೇಶಕ್ಕೆಲ್ಲ ಹಿಡಿದಿದ್ದ ವರ್ಷದಲ್ಲೂ ಆ ಹುಡುಗರ ಹಾಡು ರೇಡಿಯೋದಲ್ಲಿ ಕೇಳಬೇಕಂದ್ರೆ ಕಾಯಬೇಕಿತ್ತು. ರಾತ್ರಿ ಹೊತ್ತು ರೇಡಿಯೋ ಲಕ್ಸೆಂಬರ್ಗ್ ಸಿಗ್ತಿತ್ತು, ನಿಜ. ಅಲ್ಲಿ ಇಎಂಐ, ಡೆಕ್ಕಾ ಥರದ ದೊಡ್ಡ ಕಂಪನಿಗಳು ಸಮಯ ಕೊಂಡು ತಮ್ಮ ರೆಕಾರ್ಡುಗಳನ್ನೇ ಹಾಕಿಸ್ತಿದ್ದವು. ಸಣ್ಣ ಕಂಪನಿಯವನಿಗೆ ಎರಡೂ ಬಾಗಿಲು ಮುಚ್ಚಿದ್ದವು.

ಐರ್ಲೆಂಡಿನ ಯುವಕ ರೋನನ್ ಓ'ರಾಹಿಲಿ ಹಳೇ ಪ್ರಯಾಣಿಕರ ಹಡಗೊಂದನ್ನ ಕೊಂಡು, ಅದರ ಮೇಲೆ ಪ್ರಸಾರದ ಗೋಪುರ ಎತ್ತಿಸಿ, ಎಸೆಕ್ಸ್-ಸಫೋಕ್ ಕರಾವಳಿಯ ಆಚೆ ಲಂಗರು ಹಾಕಿಸಿದ. ಆಗ ದಡದಿಂದ ಮೂರು ಮೈಲಿ ದಾಟಿದರೆ ಬ್ರಿಟನ್ನಿನ ಕಾನೂನು ಮುಟ್ತಿರಲಿಲ್ಲ. 1964ರ ಮಾರ್ಚ್ 28ಕ್ಕೆ ರೇಡಿಯೋ ಕ್ಯಾರೊಲೈನ್ ಶುರುವಾಯ್ತು. ಅದೇ ಡಿಸೆಂಬರಿನಲ್ಲಿ ಅಮೆರಿಕದ ಟೆಕ್ಸಸ್ಸಿನವರ ದುಡ್ಡಿನಲ್ಲಿ ರೇಡಿಯೋ ಲಂಡನ್ ಬಂತು. ಅದರ ಹಡಗು 'ಗ್ಯಾಲಕ್ಸಿ', ಒಂದು ಕಾಲಕ್ಕೆ ಅಮೆರಿಕ ನೌಕಾಪಡೆಯ ಸಿಡಿಗುಂಡು ಹುಡುಕೋ ಹಡಗು. ಮುಂದೆ ಮತ್ತೂ ಹಲವು ಬಂದವು. ಕೆಲವು ಹಡಗಿನ ಮೇಲೆ, ಕೆಲವು ಯುದ್ಧಕಾಲದಲ್ಲಿ ಥೇಮ್ಸ್ ನದೀಮುಖದಲ್ಲಿ ಕಟ್ಟಿಬಿಟ್ಟಿದ್ದ ಕಬ್ಬಿಣದ ಕೋಟೆಗಳ ಮೇಲೆ.

ಈಗ ಪಟ್ಟಿಗೆ ಬರೋಣ.

ರೇಡಿಯೋ ಲಂಡನ್ನಿನ ಪಟ್ಟಿಗೆ 'ಫ್ಯಾಬ್ 40' ಅಂತ ಹೆಸರು. ವಾರಕ್ಕೊಮ್ಮೆ 40 ಹಾಡು. ಕೇಳುಗ ಏನಂದ್ಕೊಳ್ತಾನೆ? ಇಂಥ ಹಾಡು 32ನೇ ಸ್ಥಾನ ಅಂದ್ರೆ ಅಂಗಡಿಯಲ್ಲಿ ಅದು 32ನೇದಾಗಿ ಮಾರಾಟ ಆಗ್ತಿದೆ ಅಂತ. ಹಾಗಿರಲಿಲ್ಲ. ಫ್ಯಾಬ್ 40 ಮುಖ್ಯವಾಗಿ ಆ ವಾರ ಹಡಗಿನಲ್ಲಿ ಯಾವ ರೆಕಾರ್ಡ್ ಎಷ್ಟು ಸಲ ಓಡಬೇಕು ಅನ್ನೋದರ ಪಟ್ಟಿ. ಟೆಕ್ಸಸ್ಸಿನವರು ತಮ್ಮ ಊರಿನ ಟಾಪ್ 40 ರೇಡಿಯೋ ಪದ್ಧತಿಯನ್ನ ಇಡಿಯಾಗಿ ಹಡಗಿಗೆ ತಂದಿದ್ದರು. ಆರಿಸಿದ ಕೆಲವೇ ಹಾಡುಗಳನ್ನ ಮತ್ತೆ ಮತ್ತೆ ಹಾಕೋದು, ಮೇಲಿನ ಹಾಡು ಹೆಚ್ಚು ಸಲ, ಕೆಳಗಿನದು ಕಡಿಮೆ ಸಲ. ನಿಲಯದವರಿಗೆ ಕಿವಿಗೆ ಹಿಡಿಸಿದ ಹೊಸ ರೆಕಾರ್ಡ್ ಅಂಗಡಿಗೆ ಬಂದಿದೆಯೋ ಇಲ್ಲವೋ, ಫ್ಯಾಬ್ 40ಕ್ಕೆ ಬಂದುಬಿಡ್ತಿತ್ತು. ದೇಶದ ಪಟ್ಟಿಯಲ್ಲಿ ಅದೇ ಹಾಡು ತುದಿ ಮುಟ್ಟೋ ಹೊತ್ತಿಗೆ ಹಡಗಿನವರು ಅದನ್ನ ಕೆಳಗಿಳಿಸಿ ಬೇರೇದಕ್ಕೆ ಹೋಗಿರ್ತಿದ್ದರು.

ಇದು ಮೋಸವೇ? ನಮ್ಮ ಅಭಿಪ್ರಾಯದಲ್ಲಿ ಅರ್ಧ ಮಾತ್ರ. ಹೆಸರು ಪಟ್ಟಿಯದು, ಕೆಲಸ ಶಿಫಾರಸಿನದು. ಆದರೆ ಆ ಶಿಫಾರಸಿನಲ್ಲಿ ರುಚಿ ಇತ್ತು. ಡೆಟ್ರಾಯಿಟಿನ ಮೋಟೌನ್ ಕಂಪನಿಯ ಕಪ್ಪು ಗಾಯಕರ ಹಾಡುಗಳು ಬ್ರಿಟನ್ನಿನ ಮನೆಮನೆಗೆ ಹೋಗಿದ್ದರಲ್ಲಿ ಈ ಹಡಗುಗಳ ಪಾಲು ದೊಡ್ಡದು. 1967ರಲ್ಲಿ ಪ್ರೊಕೋಲ್ ಹಾರಂ ಅನ್ನೋ ಹೆಸರೇ ಕೇಳಿರದ ತಂಡದ 'ಎ ವೈಟರ್ ಶೇಡ್ ಆಫ್ ಪೇಲ್' ಜನರ ಕಿವಿಗೆ ಮೊದಲು ಬಿದ್ದಿದ್ದು ರೇಡಿಯೋ ಲಂಡನ್ನಿನಿಂದ. ಅದು ಆಮೇಲೆ ದೇಶದ ಪಟ್ಟಿಯಲ್ಲಿ 6 ವಾರ ಒಂದನೇ ಸ್ಥಾನದಲ್ಲಿ ಕೂತಿತ್ತು. ಹಡಗಿನ ಪಟ್ಟಿ ಭವಿಷ್ಯ ಹೇಳ್ತು ಅಂತ ಅಭಿಮಾನಿಗಳು ಅಂತಾರೆ. ದಿನಕ್ಕೆ ಹಲವು ಸಲ ಹಾಕಿದ ಹಾಡು ಜನಪ್ರಿಯ ಆಗುತ್ತೆ ಅಂತ ಹೇಳೋಕೆ ಜ್ಯೋತಿಷ್ಯ ಬೇಕಾ ಅನ್ನೋದು ನಮ್ಮ ಪ್ರಶ್ನೆ.

ಕ್ಯಾರೊಲೈನಿನ ಕಥೆ ಬೇರೆ. 1966ರಲ್ಲಿ ಫಿಲಿಪ್ ಸಾಲೊಮನ್ ಅನ್ನೋ ಸಂಗೀತ ವ್ಯಾಪಾರಿ ಅದರ ಆಡಳಿತಕ್ಕೆ ಬಂದರು. ಅವರದೇ ರೆಕಾರ್ಡ್ ಕಂಪನಿ 'ಮೇಜರ್ ಮೈನರ್'. ಅಲ್ಲಿಂದ ಆ ಕಂಪನಿಯ ರೆಕಾರ್ಡುಗಳು ಬಿಡುವಿಲ್ಲದೆ ಓಡತೊಡಗಿದವು. ದುಡ್ಡು ಕೊಟ್ಟ ಬೇರೆಯವರ ರೆಕಾರ್ಡುಗಳೂ ಓಡಿದವು. ಡಿಜೆಗಳಿಗೆ ಇಷ್ಟವೋ ಕಷ್ಟವೋ, ಹಾಕಲೇಬೇಕು. ಕೇಳುಗನಿಗೆ ಮಾತ್ರ ಇದು ಜಾಹೀರಾತು ಅಂತ ಯಾರೂ ಹೇಳಲಿಲ್ಲ. ಇದನ್ನ ನಾವು ಮೋಸ ಅಂತಲೇ ಕರೀತೀವಿ.

ಆದರೆ ನೋಡಿ, ದುಡ್ಡಿನ ಲೆಕ್ಕವೂ ಎಲ್ಲ ಸಲ ನಡೆಯಲಿಲ್ಲ. ಮೇಜರ್ ಮೈನರ್ ಹೊರತಂದ ಡಬ್ಲಿನರ್ಸ್ ತಂಡದ 'ಸೆವೆನ್ ಡ್ರಂಕನ್ ನೈಟ್ಸ್' ಹಾಡನ್ನ ಐರ್ಲೆಂಡಿನ ಸರ್ಕಾರಿ ಪ್ರಸಾರ ಸಂಸ್ಥೆ ನಿಷೇಧಿಸಿತ್ತು. ಕ್ಯಾರೊಲೈನ್ ಅದನ್ನ ಎಡೆಬಿಡದೆ ಹಾಕಿ 1967ರಲ್ಲಿ ಬ್ರಿಟನ್ನಿನ ಪಟ್ಟಿಯಲ್ಲಿ 7ನೇ ಸ್ಥಾನಕ್ಕೆ ಏರಿಸ್ತು. ಅದೇ ವರ್ಷ ಅದೇ ಕಂಪನಿಯ ಡೇವಿಡ್ ಮೆಕ್‌ವಿಲಿಯಮ್ಸ್ ಹಾಡಿದ 'ಡೇಸ್ ಆಫ್ ಪರ್ಲಿ ಸ್ಪೆನ್ಸರ್' ಹಾಡನ್ನೂ ಕೇಳುಗರ ತಲೆ ಚಿಟ್ಟು ಹಿಡಿಯೋ ಹಾಗೆ ಹಾಕಿದರು. ಪತ್ರಿಕೆಗಳಲ್ಲಿ ದೊಡ್ಡ ಜಾಹೀರಾತೂ ಬಂತು. ಯುರೋಪಿನ ಬೇರೆ ದೇಶಗಳಲ್ಲಿ ಚೆನ್ನಾಗಿ ಓಡಿತು. ಬ್ರಿಟನ್ನಿನ ಪಟ್ಟಿಯೊಳಕ್ಕೆ ಮಾತ್ರ ಕಾಲಿಡಲೇ ಇಲ್ಲ! ಸ್ವಾರಸ್ಯ ಏನಂದ್ರೆ ಹಾಡು ಒಳ್ಳೇದೇ. 1992ರಲ್ಲಿ ಮಾರ್ಕ್ ಆಮಂಡ್ ಅದನ್ನೇ ಮತ್ತೆ ಹಾಡಿದಾಗ 4ನೇ ಸ್ಥಾನಕ್ಕೆ ಹೋಯ್ತು.

ಹಾಗಾದರೆ ದಡದ ಮೇಲಿನ ಪಟ್ಟಿಗಳು ಸಾಚಾನಾ? ಇಲ್ಲೇ ಬಹಳ ಜನ ಜಾರೋದು. 'ಹಡಗಿನದು ಕಳ್ಳ ಪಟ್ಟಿ, ಬಿಬಿಸಿಯದು ಅಸಲಿ' ಅಂತ ಬರೆದುಬಿಡ್ತಾರೆ. ಆಗ ಅಸಲಿ ಅನ್ನೋದೇ ಇರಲಿಲ್ಲ. 1952ರ ನವೆಂಬರಿನಲ್ಲಿ ಎನ್‌ಎಂಇ ಪತ್ರಿಕೆ ಮೊದಲ ಪಟ್ಟಿ ಮಾಡಿದ್ದು ಸುಮಾರು 20 ಅಂಗಡಿಗಳಿಗೆ ಫೋನ್ ಮಾಡಿ. ಅರವತ್ತರ ದಶಕದಲ್ಲಿ ಎನ್‌ಎಂಇ, ಮೆಲೊಡಿ ಮೇಕರ್, ಡಿಸ್ಕ್, ರೆಕಾರ್ಡ್ ರಿಟೇಲರ್ ಹೀಗೆ ಪತ್ರಿಕೆಗೊಂದು ಪಟ್ಟಿ, ಪಟ್ಟಿಗೊಂದು ಅಂಗಡಿಗಳ ಗುಂಪು. ಬೀಟಲ್ಸ್ ತಂಡದ 'ಪ್ಲೀಸ್ ಪ್ಲೀಸ್ ಮಿ' 1963ರಲ್ಲಿ ಎನ್‌ಎಂಇಯಲ್ಲಿ ಒಂದು, ಮೆಲೊಡಿ ಮೇಕರಿನಲ್ಲಿ ಒಂದು, ರೆಕಾರ್ಡ್ ರಿಟೇಲರಿನಲ್ಲಿ ಎರಡು. ಮುಂದೆ ದಾಖಲೆ ಪುಸ್ತಕ ಮಾಡಿದವರು ಆ ವರ್ಷಗಳಿಗೆ ರೆಕಾರ್ಡ್ ರಿಟೇಲರನ್ನೇ ಆಧಾರ ಮಾಡ್ಕೊಂಡರು. ಹಾಗಾಗಿ ಆ ಹಾಡು ಇವತ್ತಿಗೂ 'ಎರಡನೇದು'. ಬೀಟಲ್ಸ್‌ನ ನಂಬರ್ ಒನ್ ಹಾಡುಗಳೆಲ್ಲ ಒಟ್ಟಿಗೆ ಅಂತ 2000ನೇ ಇಸವಿಯಲ್ಲಿ ಬಂದ ಸಂಗ್ರಹದಲ್ಲಿ ಅದಕ್ಕೆ ಜಾಗವೇ ಸಿಗಲಿಲ್ಲ. ಯಾವ ಲೆಕ್ಕದ ಪುಸ್ತಕ ಉಳೀತು ಅನ್ನೋದರ ಮೇಲೆ ಯಾರು ಇದ್ದರು, ಯಾರು ಇರಲಿಲ್ಲ ಅನ್ನೋದು ನಿರ್ಧಾರ ಆಗುತ್ತೆ. ಜನಗಣತಿಯವರು ಮನೆಗೆ ಬಂದಾಗ ತಾಯ್ನುಡಿಯ ಕಾಲಂನಲ್ಲಿ ಏನು ಬರೆದ್ಕೊಂಡರು ಅಂತ ಇಣುಕಿ ನೋಡೋ ನಮ್ಮಂಥವರಿಗೆ ಇದನ್ನ ಬಿಡಿಸಿ ಹೇಳೋದು ಬೇಡ.

ಬಿಬಿಸಿ ಏನು ಮಾಡ್ತಿತ್ತು? ಸ್ವಂತ ಎಣಿಕೆ ಮಾಡದೆ ಈ ಪತ್ರಿಕೆಗಳ ಪಟ್ಟಿಗಳನ್ನ ಕೂಡಿಸಿ ಸರಾಸರಿ ತೆಗೀತಿತ್ತು.

ಹಡಗುಗಳ ಕಾಲ ಬೇಗ ಮುಗೀತು. 1966ರ ಜೂನಿನಲ್ಲಿ ರೇಡಿಯೋ ಸಿಟಿ ನಡೆಸ್ತಿದ್ದ ರೆಜಿನಾಲ್ಡ್ ಕ್ಯಾಲ್ವರ್ಟ್ ಒಡೆತನದ ಜಗಳದಲ್ಲಿ ಗುಂಡೇಟಿಗೆ ಸತ್ತ ಮೇಲೆ ಸರ್ಕಾರದ ಕೈಗೆ ಒಳ್ಳೇ ನೆಪ ಸಿಕ್ತು. ಹೊಸ ಕಾನೂನು ಹಡಗನ್ನ ಮುಟ್ಟಲಿಲ್ಲ. ಹಡಗಿಗೆ ಜಾಹೀರಾತು, ಅನ್ನ, ನೀರು, ರೆಕಾರ್ಡ್ ಕೊಡೋ ಬ್ರಿಟಿಷರನ್ನ ಅಪರಾಧಿ ಮಾಡ್ತು. ರೇಡಿಯೋ ಲಂಡನ್ 1967ರ ಆಗಸ್ಟ್ 14ರ ಮಧ್ಯಾಹ್ನ 3ಕ್ಕೆ ಬಾಯಿ ಮುಚ್ಚಿತು. ಕ್ಯಾರೊಲೈನಿನ ಒಂದು ಹಡಗು ಮ್ಯಾನ್ ದ್ವೀಪದ ರಾಮ್ಸಿ ಊರಿನ ಎದುರಿಗಿತ್ತು. ಆ ಪುಟ್ಟ ದ್ವೀಪಕ್ಕೆ ಟಿನ್‌ವಾಲ್ಡ್ ಅನ್ನೋ ತನ್ನದೇ ಸಾವಿರ ವರ್ಷದಷ್ಟು ಹಳೇ ಶಾಸನಸಭೆ ಇದೆ. ದ್ವೀಪದ ಪ್ರತಿನಿಧಿಗಳು ಆ ಕಾನೂನು ಬೇಡ ಅಂದರು. ಲಂಡನ್ ಕೇಳಲಿಲ್ಲ, ರಾಣಿಯ ಆಜ್ಞೆಯ ಮೂಲಕ ಎರಡು ವಾರ ತಡವಾಗಿ ಅಲ್ಲೂ ಜಾರಿ ಮಾಡ್ತು. ಆದರೂ ಕ್ಯಾರೊಲೈನಿನ ಎರಡೂ ಹಡಗುಗಳು ಕಾನೂನಿಗೆ ಸೆಡ್ಡು ಹೊಡೆದು ಇನ್ನೂ ಕೆಲವು ತಿಂಗಳು ಹಾಡಿದವು. 1968ರ ಮಾರ್ಚಿನಲ್ಲಿ ಅವನ್ನ ಎಳೆದುಕೊಂಡು ಹೋಗಿದ್ದು ಪೊಲೀಸರಲ್ಲ. ಹಡಗಿಗೆ ಸಾಮಾನು ಸಾಗಿಸ್ತಿದ್ದ ಡಚ್ ಕಂಪನಿಯವರು, ಬಾಕಿ ಬಿಲ್ಲಿಗಾಗಿ.

ಅಷ್ಟರಲ್ಲಿ ಬಿಬಿಸಿ ಸೆಪ್ಟೆಂಬರ್ 30, 1967ಕ್ಕೆ ರೇಡಿಯೋ 1 ತೆರೆದಿತ್ತು. ಮೊದಲ ದಿನ ಮೈಕ್ ಹಿಡಿದವರು ಹಡಗಿನಲ್ಲೇ ಹೆಸರು ಮಾಡಿದ್ದ ಟೋನಿ ಬ್ಲ್ಯಾಕ್‌ಬರ್ನ್. ಹಡಗಿನ ಡಿಜೆಗಳು ಬಂದರು, ಹಡಗಿನ ಮಾತಿನ ವರಸೆ ಬಂತು, ಪಟ್ಟಿ ಮಾತ್ರ ಅದೇ ಸರಾಸರಿಯದು. 1968ರಲ್ಲಿ ಒಂದು ವಾರ ಆ ಸರಾಸರಿಯಲ್ಲಿ ಮೂರು ಹಾಡು ಒಟ್ಟೊಟ್ಟಿಗೆ ಒಂದನೇ ಸ್ಥಾನಕ್ಕೆ ಬಂದು ಕೂತವು. ಆಮೇಲೆ 1969ರ ಫೆಬ್ರವರಿಯಲ್ಲಿ ಬಿಬಿಸಿಯೂ ರೆಕಾರ್ಡ್ ರಿಟೇಲರೂ ದುಡ್ಡು ಹಾಕಿ ಒಂದು ಸಮೀಕ್ಷಾ ಸಂಸ್ಥೆಗೆ ಎಣಿಕೆ ವಹಿಸಿದರು. ಆರಿಸಿದ ಅಂಗಡಿಗಳು ವಾರದ ಮಾರಾಟವನ್ನ ಡೈರಿಯಲ್ಲಿ ಬರೆದು ಅಂಚೆಗೆ ಹಾಕಬೇಕು. ಆ ಅಂಗಡಿಗಳ ಹೆಸರು ಗುಟ್ಟು. ಗುಟ್ಟು ಬಹಳ ದಿನ ಉಳಿಯಲಿಲ್ಲ. ಯಾವ್ಯಾವ ಅಂಗಡಿ ಅಂತ ರೆಕಾರ್ಡ್ ಕಂಪನಿಯವರು ಪತ್ತೆ ಹಚ್ಚಿದರು, ತಮ್ಮದೇ ಜನರನ್ನ ಅಲ್ಲಿಗೆ ಕಳಿಸಿ ತಮ್ಮದೇ ರೆಕಾರ್ಡ್ ಕೊಳ್ಳಿಸೋಕೆ ಶುರು ಮಾಡಿದರು.