ಬ್ಯಾಕಪ್ ಇದೆ ಸರಿ, ರಿಸ್ಟೋರ್ ಮಾಡಿ ನೋಡಿದ್ದೀರಾ?

ಪ್ಲೇಸ್‌ಮೆಂಟ್ ಮಾತು ಬಂದರೆ ನಮ್ಮ ಕ್ಲಾಸಲ್ಲಿ ಎಲ್ಲರದೂ ಒಂದೇ ರಾಗ: ಫುಲ್ ಸ್ಟ್ಯಾಕ್, ಎಐ, ಡೇಟಾ ಸೈನ್ಸ್. ಡೇಟಾಬೇಸ್ ಅಡ್ಮಿನಿಸ್ಟ್ರೇಟರ್, ಅಂದರೆ ಡಿಬಿಎ ಆಗ್ತೀನಿ ಅಂದವರನ್ನು ನಾವಿನ್ನೂ ನೋಡಿಲ್ಲ. ಡಿಬಿಎಂಎಸ್ ಓದ್ತೀವಿ, ಇಆರ್ ಡಯಾಗ್ರಾಮ್ ಬಿಡಿಸ್ತೀವಿ, ನಾರ್ಮಲೈಸೇಷನ್ ಬಾಯಿಪಾಠ ಮಾಡ್ತೀವಿ, ಎಕ್ಸಾಮ್ ಮುಗೀತು. ಡೇಟಾ ಹುಡುಕಿ ತೆಗೆಯೋದು ಕಲಿತೀವಿ, ಅದನ್ನು ಕಾಯೋದನ್ನು ಕಲಿಯೋದೇ ಇಲ್ಲ. ಲ್ಯಾಬಲ್ಲಿ ಇದು ಬದಲಾಗಬೇಕು ಅನ್ನೋದು ನಮ್ಮ ವಾದ.

ಉದಾಹರಣೆಗೆ ದೂರ ಹೋಗಬೇಕಿಲ್ಲ. ನಮ್ಮಲ್ಲಿ ಸುಮಾರು ಜನ ಪಿಜಿಯಲ್ಲಿರೋ ಹಿನಕಲ್ ಮೊದಲು ಗ್ರಾಮ ಪಂಚಾಯಿತಿ ಆಗಿತ್ತು, ಆಮೇಲೆ ಹೂಟಗಳ್ಳಿ ನಗರಸಭೆಗೆ ಸೇರಿತು. ಬೋರ್ಡ್ ಬದಲಾಯಿಸಿದರೆ ಕೆಲಸ ಮುಗಿಯಲ್ಲ. ಪಂಚಾಯಿತಿ ಆಸ್ತಿಗಳ ದಾಖಲೆ ಇರೋದು ಇ-ಸ್ವತ್ತು ತಂತ್ರಾಂಶದಲ್ಲಿ, ನಗರಸಭೆಯದ್ದು ಇ-ಆಸ್ತಿಯಲ್ಲಿ. ಮನೆ ಅದೇ, ಓನರ್ ಆಂಟಿನೂ ಅವರೇ, ಬಾಡಿಗೆಯಂತೂ ಕಡಿಮೆ ಆಗಿಲ್ಲ ಬಿಡಿ. ಆದರೆ ದಾಖಲೆ ಒಂದು ವ್ಯವಸ್ಥೆಯಿಂದ ಇನ್ನೊಂದಕ್ಕೆ ಬರಬೇಕು. ಸೈಟಿನ ಅಳತೆ, ಚೆಕ್ಕುಬಂದಿ, ಮಾಲೀಕರ ಹೆಸರು, ಇನಿಷಿಯಲ್ಲು, ಇದರಲ್ಲಿ ಒಂದು ತಪ್ಪಿದರೂ ಖಾತಾಗೆ ಓಡಾಟ ಶುರು. ಖಾತಾ ಸರಿ ಇಲ್ಲ ಅಂದರೆ ಬ್ಯಾಂಕಿನವರು ಲೋನ್ ಫೈಲ್ ಪಕ್ಕಕ್ಕಿಡ್ತಾರೆ. ನಾವು 'ಡೇಟಾ ಮೈಗ್ರೇಷನ್' ಅಂತ ಒಂದು ಸ್ಲೈಡಲ್ಲಿ ಮುಗಿಸೋ ವಿಷಯ ಒಂದು ಮನೆಯವರ ಇಡೀ ಉಳಿತಾಯದ ಪ್ರಶ್ನೆ.

ಈ ಕಾಯೋ ಕೆಲಸ ನಮ್ಮ ನಾಡಿಗೆ ಹೊಸದಲ್ಲ. ಹಿಂದೆ ಊರಿನ ಲೆಕ್ಕ ಇಡ್ತಿದ್ದವರು ಶಾನುಭೋಗರು. ಅವರ ಕಾಲದಲ್ಲಿ ಬಟ್ಟೆಗೆ ಹುಣಸೆಬೀಜದ ಅಂಟು, ಇದ್ದಿಲ ಪುಡಿ ಬಳಿದು, ಮಡಿಸಿ, ಬಳಪದಲ್ಲಿ ಬರೆಯೋ ಪುಸ್ತಕ ಇತ್ತು. ಅದರ ಹೆಸರೇ ಕಡತ. ಇವತ್ತು ಆಫೀಸುಗಳಲ್ಲಿ ಫೈಲಿಗೆ ಕಡತ ಅನ್ನೋದು ಅಲ್ಲಿಂದ ಬಂದ ಪದ. ಕಡತದಲ್ಲಿ ಬರೆದದ್ದನ್ನು ಒರೆಸಿ ಮತ್ತೆ ಬರೀಬಹುದಿತ್ತು. ನಮ್ಮ ಭಾಷೆಯಲ್ಲಿ ಹೇಳೋದಾದರೆ ಅಪ್‌ಡೇಟ್ ಇತ್ತು, ಲಾಗ್ ಇರಲಿಲ್ಲ. ಯಾರ ಜಮೀನಿನ ಸಾಲು ಯಾವಾಗ ಬದಲಾಯ್ತು ಅಂತ ಗೊತ್ತಾಗಬೇಕಾದರೆ ಬರೆದವರನ್ನೇ ನಂಬಬೇಕು.

ಭೂಮಿ ಯೋಜನೆಯನ್ನು ನಾವು ದೊಡ್ಡ ಎಂಜಿನಿಯರಿಂಗ್ ಕೆಲಸ ಅಂತ ನೋಡೋದು ಇದಕ್ಕೇ. 2002ರ ಹೊತ್ತಿಗೆ ರಾಜ್ಯದ 177 ತಾಲ್ಲೂಕುಗಳಲ್ಲಿ, ಸುಮಾರು 67 ಲಕ್ಷ ರೈತರ 2 ಕೋಟಿಯಷ್ಟು ಪಹಣಿಗಳು ಕಂಪ್ಯೂಟರಿಗೆ ಬಂದವು. ಆಗ 15 ರೂಪಾಯಿ ಕೊಟ್ಟರೆ ಪ್ರಿಂಟ್ ಸಿಗ್ತಿತ್ತು. ನಮಗೆ ಇಷ್ಟ ಆಗೋದು ಪ್ರಿಂಟ್ ಅಲ್ಲ, ಎರಡು ಸಣ್ಣ ನಿಯಮ. ಖಾತೆ ಬದಲಾವಣೆ ಮಾಡೋ ಅಧಿಕಾರಿ ಬೆರಳಚ್ಚು ಕೊಟ್ಟು ಲಾಗಿನ್ ಆಗಬೇಕು. ಹಾಗಾಗಿ 'ನಾನಲ್ಲ' ಅನ್ನೋಕೆ ಆಗಲ್ಲ. ಇನ್ನೊಂದು, ಅರ್ಜಿಗಳು ಬಂದ ಸಾಲಲ್ಲೇ ವಿಲೇವಾರಿ ಆಗಬೇಕು. ಡೇಟಾ ಸ್ಟ್ರಕ್ಚರ್ಸ್‌ನಲ್ಲಿ ನಾವು ಓದಿದ ಅದೇ ಕ್ಯೂ, ಮಧ್ಯದಲ್ಲಿ ನುಗ್ಗೋ ಹಾಗಿಲ್ಲ.

ಆದರೂ ಎಲ್ಲಾ ವ್ಯವಸ್ಥೆಯ ಹಿಂದೆ ಕೊನೆಗೆ ಒಬ್ಬರ ಕೈಯಲ್ಲಿ ಅಡ್ಮಿನ್ ಪಾಸ್‌ವರ್ಡ್ ಇರತ್ತೆ. ಇವತ್ತಿನ ಶಾನುಭೋಗರು ಅವರೇ. ಯಾರಿಗೆ ಯಾವ ಟೇಬಲ್ ಕಾಣಬೇಕು, ಡಿಸ್ಕ್ ಎಷ್ಟು ತುಂಬಿದೆ, ರಾತ್ರಿ ಬ್ಯಾಕಪ್ ಓಡಿತಾ, ಇದೇ ಅವರ ದಿನಚರಿ. ನಮ್ಮ ಪಿಜಿಯಲ್ಲಿ ಡಿಬಿಎ ಆಗಿರೋ ಒಬ್ಬ ಅಣ್ಣ ಇದ್ದಾರೆ. ಪ್ಯಾಚ್ ಹಾಕೋದು ಜನ ಬಳಸದ ಹೊತ್ತಲ್ಲೇ ಆಗಬೇಕು, ಅಂದರೆ ಶನಿವಾರ ಮಧ್ಯರಾತ್ರಿ. ನಾವು ಮ್ಯಾಚ್ ನೋಡ್ತಿದ್ದರೆ ಅವರು ಲ್ಯಾಪ್‌ಟಾಪ್ ಮುಂದೆ. ಎಲ್ಲಾ ಸರಿ ಹೋದರೆ ಯಾರೂ ಥ್ಯಾಂಕ್ಸ್ ಹೇಳಲ್ಲ. ಆ್ಯಪ್ ನಿಧಾನ ಆದರೆ ಮಾತ್ರ, ಕ್ವೆರಿ ಕೆಟ್ಟದಾಗಿ ಬರೆದವರು ಯಾರೇ ಆಗಿರಲಿ, ಮೊದಲ ಫೋನ್ ಇವರಿಗೇ.

'ಈಗ ಎಲ್ಲಾ ಕ್ಲೌಡಲ್ಲಿದೆ, ಡಿಬಿಎ ಯಾಕೆ?' ಅಂತ ಕೇಳೋರಿದ್ದಾರೆ. ಡಿಸ್ಕು, ಪ್ಯಾಚು ಕ್ಲೌಡ್ ನೋಡಿಕೊಳ್ಳತ್ತೆ, ಒಪ್ತೀವಿ. ಆದರೆ ವೇರ್ ಇಲ್ಲದ ಒಂದು ಡಿಲೀಟ್ ಹೊಡೆದರೆ ಅದೇ ಡಿಲೀಟನ್ನು ರೆಪ್ಲಿಕಾಗೂ ಅಷ್ಟೇ ನಿಷ್ಠೆಯಿಂದ ತಲುಪಿಸತ್ತೆ.

2017ರ ಜನವರಿ 31ರಂದು ಗಿಟ್‌ಲ್ಯಾಬಲ್ಲಿ ಆದದ್ದು ಕೇಳಿ. ರೆಪ್ಲಿಕೇಷನ್ ಸರಿ ಮಾಡ್ತಿದ್ದ ಎಂಜಿನಿಯರ್, ರಾತ್ರಿ ಹೊತ್ತು, ಸೆಕೆಂಡರಿ ಸರ್ವರ್ ಅಂದುಕೊಂಡು ಪ್ರೈಮರಿಯ ಫೋಲ್ಡರನ್ನೇ ಡಿಲೀಟ್ ಮಾಡಿದರು. ಸುಮಾರು 300 ಜಿಬಿಯಲ್ಲಿ ಉಳಿದದ್ದು 4.5. ಬ್ಯಾಕಪ್‌ಗಳಿದ್ದವಲ್ಲ ಅಂತ ನೋಡಿದರೆ, ಡಂಪ್ ತೆಗೆಯೋ ಟೂಲಿನ ವರ್ಷನ್ ಬೇರೆ, ಅದು ದಿನಾ ಫೇಲ್ ಆಗ್ತಿತ್ತು. ಫೇಲ್ ಆಯ್ತು ಅಂತ ಹೋಗಬೇಕಿದ್ದ ಇಮೇಲೂ ತಲುಪ್ತಿರಲಿಲ್ಲ. ಕೊನೆಗೆ ಅದೃಷ್ಟಕ್ಕೆ ಆರು ಗಂಟೆ ಹಿಂದೆ ತೆಗೆದಿದ್ದ ಒಂದು ಸ್ನ್ಯಾಪ್‌ಶಾಟ್ ಕೈ ಹಿಡೀತು. ಅವರು ಆ ಎಂಜಿನಿಯರನ್ನು ಬಲಿಪಶು ಮಾಡಲಿಲ್ಲ, ರಿಪೇರಿಯನ್ನು ಯೂಟ್ಯೂಬಲ್ಲಿ ಲೈವ್ ತೋರಿಸಿದರು. ಆ ಧೈರ್ಯಕ್ಕೆ ಮೆಚ್ಚಬೇಕು.

ಹಾಗಾಗಿ ನಮ್ಮ ಬೇಡಿಕೆ ಸಣ್ಣದು. ಡಿಬಿಎಂಎಸ್ ಲ್ಯಾಬಿನ ಒಂದು ಮಧ್ಯಾಹ್ನ, ಮೂರು ಗಂಟೆ ಸಾಕು. ಮೊದಲ ಗಂಟೆ ನಾವೇ ಬ್ಯಾಕಪ್ ತೆಗೀತೀವಿ. ಆಮೇಲೆ ಲ್ಯಾಬ್ ಇನ್‌ಸ್ಟ್ರಕ್ಟರ್ ಹೇಳದೆ ಕೇಳದೆ ಒಂದು ಟೇಬಲ್ ಡ್ರಾಪ್ ಮಾಡಲಿ. ಉಳಿದ ಹೊತ್ತಲ್ಲಿ ಅದು ವಾಪಸ್ ಬರಬೇಕು, ಒಂದು ಸಾಲೂ ಕಡಿಮೆ ಇಲ್ಲದೆ. ವೈವಾ ಮಾರ್ಕ್ಸ್ ಅದಕ್ಕೇ ಕೊಡಲಿ. ರೆಕಾರ್ಡ್ ಬುಕ್ಕಲ್ಲಿ ಔಟ್‌ಪುಟ್ ಕಾಪಿ ಹೊಡೆಯೋಕೆ ಆಗದ ಪ್ರಯೋಗ ಇದೊಂದೇ ಆಗಬಹುದು, ಅದಕ್ಕೇ ಕೆಲವರು ವಿರೋಧಿಸ್ತಾರೆ ಅಂತಾನೂ ಗೊತ್ತು.